ಒಂದೇ ಸಂಜೆಯ ನಾಟಕಕ್ಕೆ ವಿಮರ್ಶೆ ಎಲ್ಲಿಂದ ಬರಬೇಕು?

‘ಎಲ್ಲ ಪಾತ್ರಧಾರಿಗಳೂ ತಂತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದರು. ರಂಗಸಜ್ಜಿಕೆ ಮತ್ತು ಬೆಳಕು ನಾಟಕಕ್ಕೆ ಪೂರಕವಾಗಿದ್ದವು. ಸಂಗೀತ ಹಿತಮಿತವಾಗಿತ್ತು.’

ನಾಟಕಗಳ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳನ್ನು ಓದುವವರಿಗೆ ಈ ಮೂರು ವಾಕ್ಯ ಬಾಯಿಪಾಠ. ಮೊದಲಿಗೆ ನಾಟಕಕಾರ, ನಿರ್ದೇಶಕರ ಹೆಸರು, ಆಮೇಲೆ ಮುಕ್ಕಾಲು ಪಾಲು ಕಥಾಸಾರಾಂಶ, ಕೊನೆಗೆ ಈ ಮೂರು ವಾಕ್ಯ, ಅದರ ಬೆನ್ನಿಗೇ ಪ್ರಸಾಧನ, ಬೆಳಕು, ಸಂಗೀತ ನೋಡಿಕೊಂಡವರ ಪಟ್ಟಿ. ನಾಟಕ ಭಾಸನದಾದರೂ ಸರಿ, ಶೇಕ್ಸ್‌ಪಿಯರನದಾದರೂ ಸರಿ, ತಂಡದ ಹುಡುಗನೊಬ್ಬ ಮೊನ್ನೆ ಬರೆದದ್ದಾದರೂ ಸರಿ, ಎಲ್ಲಕ್ಕೂ ಇದು ಒಗ್ಗುತ್ತದೆ. ಬೆಂಗಳೂರಿನ ಅಂಚಿನ ಕೆಂಗೇರಿಯಲ್ಲೋ ಯಲಹಂಕದಲ್ಲೋ ಶಾಲೆಯ ಕೊಠಡಿಯೊಂದನ್ನು ಕೇಳಿ ಪಡೆದು, ಎರಡು ಮೂರು ತಿಂಗಳು ಸಂಜೆ ಸಂಜೆ ತಾಲೀಮು ಮಾಡಿ ನಾಟಕ ಕಟ್ಟಿದ ಹವ್ಯಾಸಿ ತಂಡದ ಪಾಲಿಗೆ ಬರುವ ವಿಮರ್ಶೆ ಬಹುಮಟ್ಟಿಗೆ ಇಷ್ಟೇ. ಅದೂ ಅದೃಷ್ಟವಿದ್ದರೆ.

ಇದಕ್ಕೆ ಯಾರು ಕಾರಣ ಎಂದು ಕೇಳಿದರೆ ಉತ್ತರಗಳು ಸಿದ್ಧವಾಗಿರುತ್ತವೆ. ಪತ್ರಿಕೆಗಳಲ್ಲಿ ಜಾಗವಿಲ್ಲ. ವಿಮರ್ಶಕರು ರಂಗಶಂಕರ, ಕಲಾಕ್ಷೇತ್ರದಂಥ ಹೆಸರಾದ ರಂಗಮಂದಿರ ದಾಟಿ ಬರುವುದಿಲ್ಲ. ಬಂದವರಿಗೆ ರಂಗಭೂಮಿ ಗೊತ್ತಿರುವುದಿಲ್ಲ, ಗೊತ್ತಿದ್ದವರು ಬರೆಯುವುದಿಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ. ಕೋವಿಡ್ ಆದಮೇಲೆ ಪತ್ರಿಕೆಗಳ ನಗರ ಪುರವಣಿಗಳು ತೆಳ್ಳಗಾದದ್ದು ಎಲ್ಲರ ಕಣ್ಣೆದುರಿಗಿದೆ. ಆದರೆ ಪುರವಣಿಗಳು ದಪ್ಪಗಿದ್ದ ಕಾಲದಲ್ಲೂ ಬಡಾವಣೆಯ ತಂಡಗಳಿಗೆ ಸಿಗುತ್ತಿದ್ದದ್ದು ಆ ಮೂರು ವಾಕ್ಯವೇ. ಹಾಗಾಗಿ ಕಾರಣ ಬೇರೆಲ್ಲೋ ಇದೆ. ನನ್ನ ಮಟ್ಟಿಗೆ ಅದು ವಿಮರ್ಶಕರ ಸೋಮಾರಿತನಕ್ಕಿಂತ ನಾಟಕದ ಆಯುಷ್ಯಕ್ಕೆ ಸಂಬಂಧಿಸಿದ್ದು. ಈ ತಂಡಗಳ ನಾಟಕ ಒಂದು ಸಂಜೆ ನಡೆಯುತ್ತದೆ, ಅಲ್ಲಿಗೆ ಮುಗಿಯುತ್ತದೆ. ನಾಳೆ ಇಲ್ಲದ ನಾಟಕಕ್ಕೆ ವಿಮರ್ಶೆ ಹುಟ್ಟುವುದಿಲ್ಲ, ಅಭಿನಂದನೆ ಹುಟ್ಟುತ್ತದೆ.

ಬೆಂಗಳೂರಿನ ಕನ್ನಡ ರಂಗಭೂಮಿ ಬಹುಕಾಲ ಜೆ.ಸಿ. ರಸ್ತೆಯ ಆಸುಪಾಸಿನಲ್ಲೇ ಇತ್ತು. 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದ ನಯನ. ಸಂಜೆ ಆರಕ್ಕೆ ಅಲ್ಲಿನ ಮೆಟ್ಟಿಲ ಮೇಲೆ ಕೂತರೆ ಊರಿನ ಅರ್ಧದಷ್ಟು ರಂಗಕರ್ಮಿಗಳ ಮುಖ ಕಾಣುತ್ತಿತ್ತು. 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ಶುರುವಾದಾಗ ‘ಅಷ್ಟು ದೂರ ಯಾರು ಹೋಗುತ್ತಾರೆ’ ಎಂದವರಿದ್ದರು. ಹೋದರು. ಹನುಮಂತನಗರದ ಕೆ.ಎಚ್. ಕಲಾಸೌಧಕ್ಕೂ ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೂ ಜನ ಹೋದರು. 2011ರಲ್ಲಿ ವೈಟ್‌ಫೀಲ್ಡ್ ಕಡೆ ಜಾಗೃತಿ ರಂಗಮಂದಿರ ಬಂತು, ಅಲ್ಲಿ ಹೆಚ್ಚಾಗಿ ಇಂಗ್ಲಿಷ್ ನಾಟಕ. ಊರು ಬೆಳೆದ ಹಾಗೆ ತಂಡಗಳೂ ಅಂಚಿಗೆ ಸರಿದವು. ಬ್ಯಾಂಕಿನವರು, ಮೇಷ್ಟ್ರುಗಳು, ಸಾಫ್ಟ್‌ವೇರ್ ಕಂಪನಿಯ ಹುಡುಗ ಹುಡುಗಿಯರು, ನಿವೃತ್ತರಾದ ಒಬ್ಬಿಬ್ಬರು ಹಳಬರು, ಎಲ್ಲ ಸೇರಿ ಹದಿನೈದಿಪ್ಪತ್ತು ಜನ. ನಾಯಕನ ಪಾತ್ರದವನು ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ಆ ದಿನದ ತಾಲೀಮಿನಲ್ಲಿ ಅವನ ಮಾತುಗಳನ್ನು ಪ್ರಾಂಪ್ಟರೇ ಓದುತ್ತಾನೆ.

ಇಂಥ ತಂಡವೊಂದು ಒಂದೇ ಪ್ರದರ್ಶನಕ್ಕೆ ನಿಲ್ಲುವುದು ಆಸೆ ಇಲ್ಲದೆ ಅಲ್ಲ, ಲೆಕ್ಕ ಹೊಂದದೆ. ರಂಗಮಂದಿರದ ಬಾಡಿಗೆ, ಬೆಳಕಿನ ಸಲಕರಣೆಯ ಬಾಡಿಗೆ, ಮೇಕಪ್ಪಿನವರು, ಬಾಡಿಗೆ ಉಡುಪು, ಸೆಟ್ಟು ಹೊತ್ತ ಟೆಂಪೊ, ಎಲ್ಲರ ಊಟ ತಿಂಡಿ: ಇಷ್ಟೂ ಒಂದು ಸಂಜೆಗೆ. ಶನಿವಾರ, ಭಾನುವಾರ ರಂಗಮಂದಿರ ಸಿಗುವುದು ಕಷ್ಟ, ವಾರದ ನಡುವೆ ಸಿಕ್ಕರೆ ನಟರಿಗೆ ರಜೆ ಸಿಗುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಪ್ರೇಕ್ಷಕರದು. ಮೊದಲ ಪ್ರದರ್ಶನಕ್ಕೆ ಬರುವವರು ನಟರ ಅಪ್ಪ ಅಮ್ಮ, ಆಫೀಸಿನ ಸ್ನೇಹಿತರು, ಪಕ್ಕದ ಮನೆಯವರು. ಇಪ್ಪತ್ತು ನಟರು ತಲಾ ಹತ್ತು ಟಿಕೆಟ್ ಮಾರಿದರೆ ಸಭಾಂಗಣ ತುಂಬಿದ ಹಾಗೆ ಕಾಣುತ್ತದೆ. ಎರಡನೇ ಸಲ ಅದೇ ನೆಂಟರಿಗೆ ಅದೇ ಟಿಕೆಟ್ ಮಾರಲು ಮುಖ ಬರುವುದಿಲ್ಲ. ಅವರಾಚೆಗಿನ ಪ್ರೇಕ್ಷಕನನ್ನು ಕರೆತರಬೇಕಾದರೆ ನಾಟಕದ ಬಗ್ಗೆ ಮೂರನೆಯವರೊಬ್ಬರು ಒಳ್ಳೆಯ ಮಾತು ಬರೆದಿರಬೇಕು. ಅವರು ಬರೆಯಬೇಕಾದರೆ ಎರಡನೇ ಪ್ರದರ್ಶನ ಇರಬೇಕು.

ಪತ್ರಿಕೆಯ ಕಡೆಯಿಂದ ನೋಡಿದರೂ ಕಥೆ ಇದೇ. ನಿನ್ನೆ ಮುಗಿದ, ಇನ್ನೊಮ್ಮೆ ಆಡುತ್ತಾರೋ ಇಲ್ಲವೋ ಗೊತ್ತಿಲ್ಲದ ನಾಟಕದ ವಿಮರ್ಶೆಗೆ ಉಪಸಂಪಾದಕ ಯಾಕೆ ಜಾಗ ಕೊಡಬೇಕು? ಓದಿದವನು ಏನು ಮಾಡಬೇಕು, ಹೋಗಿ ನೋಡಲಿಕ್ಕಂತೂ ಆಗುವುದಿಲ್ಲ. ಅದಕ್ಕಿಂತ ‘ಇಂದು ನಾಟಕ’ ಎಂಬ ನಾಲ್ಕು ಸಾಲು ಓದುಗನಿಗೆ ಉಪಯೋಗ. ತಂಡಕ್ಕೂ ಅಷ್ಟೆ. ಹೀಗಾಗಿ ತಂಡದ ಪ್ರಚಾರದ ಶಕ್ತಿಯೆಲ್ಲ ನಾಟಕಕ್ಕೆ ಮುಂಚಿನ ಬರಹಕ್ಕೆ ಹೋಗುತ್ತದೆ. ಆ ಬರಹದಲ್ಲಿ ನಿರ್ದೇಶಕರು ತಮ್ಮ ನಾಟಕ ಏನನ್ನು ‘ಹೇಳಹೊರಟಿದೆ’ ಎಂದು ಹೇಳಿರುತ್ತಾರೆ. ಬರೆದವರಾಗಲಿ ಓದಿದವರಾಗಲಿ ನಾಟಕ ನೋಡಿರುವುದಿಲ್ಲ. ಆಮೇಲೆ ನಾಟಕ ನಡೆದು, ಹೇಳಹೊರಟದ್ದನ್ನು ಹೇಳಿತೋ ಇಲ್ಲವೋ ಎಂಬ ಪ್ರಶ್ನೆ ಬಂದಾಗ ಪುಟ ಮುಂದಿನ ವಾರದ ನಾಟಕಕ್ಕೆ ಹೋಗಿರುತ್ತದೆ.

ಇನ್ನೊಂದು ವಿಚಿತ್ರವಿದೆ. ಅನುದಾನಕ್ಕೆ ಅರ್ಜಿ ಹಾಕುವಾಗ ಹಿಂದಿನ ಪ್ರದರ್ಶನಗಳ ಆಹ್ವಾನ ಪತ್ರಿಕೆ, ಫೋಟೊ, ಪತ್ರಿಕಾ ತುಣುಕುಗಳನ್ನು ಲಗತ್ತಿಸುವುದು ರೂಢಿ. ಹಾಗಾಗಿ ಬಡಾವಣೆಯ ತಂಡಕ್ಕೆ ವಿಮರ್ಶೆ ಅಂದರೆ ಫೈಲಿಗೆ ಸೇರಬೇಕಾದ ಒಂದು ಕಾಗದ. ಅದರಲ್ಲಿ ನಾಟಕ, ತಂಡ, ಊರು, ದಿನಾಂಕ ಸರಿಯಾಗಿ ಮುದ್ರಣವಾಗಿದ್ದರೆ ಸಾಕು. ‘ಎರಡನೇ ಭಾಗದ ಲಯ ತಪ್ಪಿದೆ’ ಎಂದು ಬರೆದರೆ ಆ ತುಣುಕು ಫೈಲಿಗೆ ಹೋಗುವುದಿಲ್ಲ. ಬರೆಯುವವರಿಗೂ ಇದು ಗೊತ್ತು. ತಂಡವೊಂದರ ಮುಂದಿನ ವರ್ಷದ ಅನುದಾನಕ್ಕೆ ತಾನೇಕೆ ಕಲ್ಲು ಹಾಕಲಿ ಎಂದು ಪೆನ್ನು ತಾನಾಗಿಯೇ ಮೆತ್ತಗಾಗುತ್ತದೆ.

ಮೆತ್ತಗಾಗಲು ಸಂಬಂಧಗಳೂ ಕಾರಣ. ನಾಟಕ ಮುಗಿದ ಮೇಲಿನ ಹತ್ತು ನಿಮಿಷ ಗಮನಿಸಿ ನೋಡಿ. ದೀಪ ಹೊತ್ತಿಕೊಳ್ಳುತ್ತದೆ, ನಟರು ಸಾಲಾಗಿ ನಿಲ್ಲುತ್ತಾರೆ, ನಿರ್ದೇಶಕರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಪರಿಚಯಿಸುತ್ತಾರೆ. ಬೆಳಕಿನವರ ಹೆಸರು ಹೇಳಿದಾಗ ಎಲ್ಲರೂ ಹಿಂದಕ್ಕೆ ತಿರುಗಿ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಕೈಗೆ ಮೈಕ್ ಕೊಟ್ಟು ‘ಸರ್, ನಾಟಕದ ಬಗ್ಗೆ ಎರಡು ಮಾತು’ ಎನ್ನುತ್ತಾರೆ. ಹೆಗಲ ಮೇಲೆ ಆಗಷ್ಟೇ ಶಾಲು ಬಿದ್ದ ಮನುಷ್ಯ, ಮೇಕಪ್ಪು ಕರಗಿ ಇಳಿಯುತ್ತಿರುವ ಇಪ್ಪತ್ತು ಮುಖಗಳ ಮುಂದೆ, ಅವರ ತಾಯಿತಂದೆಯರ ಎದುರಿಗೆ ಏನು ಹೇಳಿಯಾನು? ‘ಒಳ್ಳೆಯ ಪ್ರಯತ್ನ. ಇನ್ನೂ ನಾಲ್ಕಾರು ಪ್ರದರ್ಶನ ಆದರೆ ನಾಟಕ ಹದಕ್ಕೆ ಬರುತ್ತದೆ.’ ಎರಡನೇ ಮಾತಿನೊಳಗೆ ಅವರ ಇಡೀ ವಿಮರ್ಶೆ ಅಡಗಿದೆ. ಆ ನಾಲ್ಕಾರು ಪ್ರದರ್ಶನ ಆಗುವುದಿಲ್ಲ ಎಂಬುದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು.

ನಿಜವಾದ ವಿಮರ್ಶೆ ನಡೆಯುವುದು ಅದರ ನಂತರ, ಹೊರಗೆ ಸ್ಕೂಟರು ತೆಗೆಯುವ ಜಾಗದಲ್ಲಿ. ‘ಮೊದಲರ್ಧ ಕೂರಿಸ್ತು ಮಾರಾಯ, ಆಮೇಲೆ ಎಳೀತು.’ ‘ಆ ಹುಡುಗಿ ಚೆನ್ನಾಗಿ ಮಾಡಿದಳು, ಆದರೆ ಮಾತು ಮೂರನೇ ಸಾಲು ದಾಟಲಿಲ್ಲ.’ ‘ಹಾಡು ಜಾಸ್ತಿ ಆಯ್ತು, ಬಿ.ವಿ. ಕಾರಂತರ ಗುಂಗು ಇನ್ನೂ ಬಿಟ್ಟಿಲ್ಲ ಇವರಿಗೆ.’ ನನ್ನ ಪ್ರಕಾರ ಕನ್ನಡದ ಅತ್ಯುತ್ತಮ ರಂಗವಿಮರ್ಶೆ ಇವತ್ತಿಗೂ ಇಲ್ಲೇ ಇದೆ. ಖಚಿತ, ಚುಟುಕು, ಕಸುಬು ಬಲ್ಲವರ ಮಾತು. ಆದರೆ ಹೆಲ್ಮೆಟ್ ಹಾಕಿಕೊಂಡ ಕ್ಷಣಕ್ಕೆ ಅದು ಮುಗಿಯುತ್ತದೆ. ಹಾಗೆ ಮಾತಾಡಿದವರೇ ರಾತ್ರಿ ಫೇಸ್‌ಬುಕ್ಕಿನಲ್ಲಿ ತಂಡದ ಜೊತೆ ನಿಂತ ಫೋಟೊ ಹಾಕಿ ‘ಅದ್ಭುತ ರಂಗಾನುಭವ’ ಎಂದು ಬರೆದಿರುತ್ತಾರೆ. ಇದನ್ನು ಬೂಟಾಟಿಕೆ ಎನ್ನಲು ನನಗೆ ಮನಸ್ಸಿಲ್ಲ. ನಾಳೆ ಇವರ ನಾಟಕಕ್ಕೆ ಅವರು ಬರಬೇಕು, ಇವರ ತಂಡದಲ್ಲಿ ನಟ ಕೈಕೊಟ್ಟರೆ ಅವರ ತಂಡದಿಂದ ಒಬ್ಬನನ್ನು ಕೇಳಿ ತರಬೇಕು. ಇಷ್ಟು ಸಣ್ಣ ಜಗತ್ತಿನಲ್ಲಿ ಕಟುವಾದ ವಿಮರ್ಶೆ ಬರೆದವರು ಮುಂದಿನ ತಿಂಗಳು ತಾಲೀಮಿಗೆ ಜಾಗ ಕೇಳಿಕೊಂಡು ಅದೇ ಬಾಗಿಲಿಗೆ ಹೋಗಬೇಕಾಗುತ್ತದೆ.

ಕನ್ನಡದಲ್ಲಿ ನಾಟಕ ವಿಮರ್ಶೆಯೇ ಇಲ್ಲ ಎಂದು ಇದರರ್ಥವಲ್ಲ. 1972ರಲ್ಲಿ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ‘ಸಂಕ್ರಾಂತಿ’, ‘ಈಡಿಪಸ್’, ‘ಜೋಕುಮಾರಸ್ವಾಮಿ’ ಆದಾಗ ಎದ್ದ ಚರ್ಚೆ ಇಂದಿಗೂ ಪುಸ್ತಕಗಳಲ್ಲಿ ಬರುತ್ತದೆ. ಕೆ. ಮರುಳಸಿದ್ದಪ್ಪ, ಜಿ.ಎನ್. ರಂಗನಾಥ ರಾವ್ ಅಂಥವರು ರಂಗವಿಮರ್ಶೆಯನ್ನು ಗಂಭೀರ ಕೆಲಸವಾಗಿ ಮಾಡಿದರು. ಆದರೂ ನಮ್ಮ ಒಲವು ಮೊದಲಿಂದಲೂ ಕೃತಿಯ ಕಡೆಗೆ. ‘ತುಘಲಕ್’ ನಾಟಕದ ರಾಜಕೀಯ, ಸಂಕೇತ, ಇತಿಹಾಸದ ಬಗ್ಗೆ ಬರೆದ ಲೇಖನಗಳು ಗ್ರಂಥಾಲಯದ ಒಂದು ಕಪಾಟು ತುಂಬಿಯಾವು. ಅದನ್ನು ಆಡಿದ ಅಸಂಖ್ಯ ತಂಡಗಳಲ್ಲಿ ಯಾವ ನಟ ಯಾವ ಮಾತಿನ ಮುಂದೆ ಎಷ್ಟು ಹೊತ್ತು ಸುಮ್ಮನೆ ನಿಂತ ಎಂಬುದರ ದಾಖಲೆ ಹುಡುಕಿದರೆ ಸಿಗುವುದು ಅಲ್ಲೊಂದು ಇಲ್ಲೊಂದು. ನಮ್ಮ ವಿಮರ್ಶಕರು ಹೆಚ್ಚಿನವರು ಸಾಹಿತ್ಯದ ಮೇಷ್ಟ್ರುಗಳು, ಪುಸ್ತಕ ಅವರ ಕೈಯಲ್ಲಿ ಉಳಿಯುತ್ತದೆ, ಪ್ರದರ್ಶನ ಉಳಿಯುವುದಿಲ್ಲ. ಬಡಾವಣೆಯ ತಂಡಕ್ಕೆ ಇದರಿಂದ ಇನ್ನಷ್ಟು ಪೆಟ್ಟು. ಅದು ಆಡುವುದು ಬಹುತೇಕ ಈಗಾಗಲೇ ಗೊತ್ತಿರುವ ನಾಟಕವನ್ನೇ, ಕೃತಿಯ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಹೊಸದಿರುವುದು ಪ್ರದರ್ಶನದಲ್ಲಿ, ಅದನ್ನು ಹೇಳುವ ಅಭ್ಯಾಸ ನಮಗಿಲ್ಲ.

ದೂರ ಅಡ್ಡಿಯೇ ಅಂದರೆ, ಅಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಬೆಂಗಳೂರಿನಿಂದ ಇಡೀ ರಾತ್ರಿಯ ಬಸ್ಸು. ಆದರೆ ಅಲ್ಲಿ 1949ರಲ್ಲಿ ಶುರುವಾದ ರಂಗಸಂಸ್ಥೆ ನೀನಾಸಮ್‌ನ ನಾಟಕಗಳ ಬಗ್ಗೆ ಬಂದಷ್ಟು ಬರಹ ಬೆಂಗಳೂರಿನ ಎಷ್ಟೋ ತಂಡಗಳ ಬಗ್ಗೆ ಬಂದಿಲ್ಲ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರ ವ್ಯಕ್ತಿತ್ವ ಒಂದು ಕಾರಣ, ಸರಿ. ಆದರೆ ಅಲ್ಲಿ ಎರಡು ವ್ಯವಸ್ಥೆಗಳಿವೆ. 1985ರಿಂದ ಅದರ ಸಂಚಾರಿ ತಂಡ ‘ತಿರುಗಾಟ’ ತನ್ನ ನಾಟಕಗಳನ್ನು ಊರೂರಿಗೆ ಒಯ್ದು ಮತ್ತೆ ಮತ್ತೆ ಆಡುತ್ತದೆ. ಶಿವಮೊಗ್ಗದಲ್ಲಿ ನೋಡಿದವರು ಬರೆದದ್ದನ್ನು ಓದಿದವರು ಅದೇ ನಾಟಕವನ್ನು ತಮ್ಮೂರಲ್ಲಿ ನೋಡಬಹುದು. ಇನ್ನೊಂದು, ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕವನ್ನು ಮರುದಿನ ಕೂತು ಚರ್ಚಿಸುತ್ತಾರೆ. ಶಾಲು ಹೊದಿಸಿದ ಕೂಡಲೇ ಮೈಕ್ ಕೊಡುವುದಕ್ಕೂ ಒಂದು ರಾತ್ರಿ ಮಲಗಿ ಎದ್ದು ಮಾತಾಡುವುದಕ್ಕೂ ಎಷ್ಟು ವ್ಯತ್ಯಾಸವೆಂದು ಆ ಚರ್ಚೆಗಳಲ್ಲಿ ಕೂತವರಿಗೆ ಗೊತ್ತು. ಅಲ್ಲೂ ಹೊಗಳಿಕೆ ಇರುತ್ತದೆ, ಆದರೆ ಕಾರಣ ಕೊಡದೆ ಪಾರಾಗುವುದು ಕಷ್ಟ.

ಹೊರಗಿನ ಒಂದು ಉದಾಹರಣೆ ನೋಡೋಣ, ಯಾಕೆಂದರೆ ಅಲ್ಲಿ ವಿಮರ್ಶೆ ಮತ್ತು ಪ್ರದರ್ಶನಗಳ ಸಂಖ್ಯೆಯ ಸಂಬಂಧ ಕಣ್ಣಿಗೆ ಕಟ್ಟುವಂತಿದೆ. ಲಂಡನ್ನಿನ ನೈರುತ್ಯ ಅಂಚಿನಲ್ಲಿ ರಿಚ್‌ಮಂಡ್ ಎಂಬ ಉಪನಗರ. 1971ರಲ್ಲಿ ಸ್ಯಾಮ್ ವಾಲ್ಟರ್ಸ್ ಮತ್ತವರ ಪತ್ನಿ ಆರಿಯಲ್ ಸ್ಮಿತ್ ಅಲ್ಲೊಂದು ಪಬ್ಬಿನ ಮೇಲಿನ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ನಾಟಕ ಆಡಲು ಶುರು ಮಾಡಿದರು. ಪಬ್ಬಿನ ಹೆಸರೇ ತಂಡಕ್ಕೂ ಬಂತು, ಆರೆಂಜ್ ಟ್ರೀ. ಪ್ರೇಕ್ಷಕರು ಸುತ್ತ, ನಟರು ನಡುವೆ. 1977ರಲ್ಲಿ, ಚೆಕೊಸ್ಲೊವಾಕಿಯಾದ ನಾಟಕಕಾರ ವಾಕ್ಲಾವ್ ಹಾವೆಲ್ ತನ್ನ ದೇಶದಲ್ಲಿ ನಾಟಕ ಆಡಿಸಲಾಗದೆ ಇದ್ದ ಕಾಲದಲ್ಲಿ, ಆತನ ಕಿರುನಾಟಕಗಳು ಬ್ರಿಟನ್ನಿನಲ್ಲಿ ಮೊದಲು ರಂಗಕ್ಕೆ ಬಂದದ್ದು ಆ ಕೋಣೆಯಲ್ಲಿ. 1991ರಲ್ಲಿ ರಸ್ತೆಯ ಆಚೆ ಬದಿಗೆ ಸ್ವಂತ ರಂಗಮಂದಿರವಾಯಿತು, ಆಗಲೂ ಇನ್ನೂರರೊಳಗಿನ ಆಸನ. ರಾಷ್ಟ್ರೀಯ ಪತ್ರಿಕೆಗಳ ವಿಮರ್ಶಕರು ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಗಾರ್ಡಿಯನ್ ಪತ್ರಿಕೆಗೆ 1971ರಿಂದ 2019ರವರೆಗೆ ಬರೆದ ಮೈಕೆಲ್ ಬಿಲಿಂಗ್ಟನ್ ಅವರಲ್ಲೊಬ್ಬರು.

ಯಾಕೆ ಹೋಗುತ್ತಿದ್ದರು? ಒಂದು, ಬೇರೆ ಯಾರೂ ಮುಟ್ಟದ ಮರೆತುಹೋದ ನಾಟಕಗಳನ್ನು ಹುಡುಕಿ ಆಡುವ ತಂಡ ಎಂದು ಅದು ಹೆಸರು ಮಾಡಿತ್ತು. ಎರಡು, ಅಲ್ಲಿ ನಾಟಕ ವಾರಗಟ್ಟಲೆ ನಡೆಯುತ್ತದೆ. ಮೊದಲ ಕೆಲವು ದಿನ ಪೂರ್ವಪ್ರದರ್ಶನ, ಆಮೇಲೆ ವಿಮರ್ಶಕರಿಗೆಂದೇ ಮೀಸಲಾದ ಒಂದು ರಾತ್ರಿ, ಬೆಳಗಾದರೆ ಪತ್ರಿಕೆಯಲ್ಲಿ ವಿಮರ್ಶೆ, ಆಮೇಲೂ ಮೂರ್ನಾಲ್ಕು ವಾರ ಟಿಕೆಟ್ ಮಾರಾಟ. ಬರೆದದ್ದಕ್ಕೆ ಅರ್ಥ ಬರುವುದು ಆ ಮೂರ್ನಾಲ್ಕು ವಾರಗಳಿಂದ. ಬೈದರೆ ಕುರ್ಚಿ ಖಾಲಿ, ಹೊಗಳಿದರೆ ಸಾಲು.

2014 ಆ ತಂಡಕ್ಕೆ ಕಂಟಕದ ವರ್ಷ. ನಾಲ್ಕು ದಶಕ ನಡೆಸಿದ ವಾಲ್ಟರ್ಸ್ ನಿವೃತ್ತರಾಗಿ ಪಾಲ್ ಮಿಲ್ಲರ್ ಬಂದರು. ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ, ಜುಲೈನಲ್ಲಿ, ಕಲೆಗಳಿಗೆ ಸರ್ಕಾರಿ ಹಣ ಹಂಚುವ ಆರ್ಟ್ಸ್ ಕೌನ್ಸಿಲ್ ತನ್ನ ನಿಯಮಿತ ಅನುದಾನದ ಪಟ್ಟಿಯಿಂದ ಆರೆಂಜ್ ಟ್ರೀಯನ್ನು ಪೂರ್ತಿ ಕೈಬಿಟ್ಟಿತು. ದಶಕಗಳ ಒಳ್ಳೆಯ ವಿಮರ್ಶೆಗಳು ಅದನ್ನು ತಡೆಯಲಿಲ್ಲ. ವಿಮರ್ಶಕರ ಮೆಚ್ಚುಗೆಗೂ ಸರ್ಕಾರಿ ಹಣಕ್ಕೂ ನೇರ ಸಂಬಂಧವಿಲ್ಲ ಎಂಬುದು ಅಲ್ಲೂ ಅಷ್ಟೆ. ಆದರೆ ಅದೇ ವರ್ಷದ ನವೆಂಬರಿನಲ್ಲಿ ಅಲಿಸ್ಟೇರ್ ಮೆಕ್‌ಡೊವಲ್ ಬರೆದ ‘ಪೊಮೋನಾ’ ಎಂಬ ಕರಾಳ ಹೊಸ ನಾಟಕ ಅಲ್ಲಿ ರಂಗವೇರಿತು. ವಿಮರ್ಶಕರು ಎದ್ದು ಕೂತರು. ಮರುವರ್ಷ ಆ ಪ್ರದರ್ಶನ ಲಂಡನ್ನಿನ ನ್ಯಾಷನಲ್ ಥಿಯೇಟರಿಗೆ ಹೋಯಿತು. 2017ರ ‘ಆನ್ ಆಕ್ಟೊರೂನ್’ ಕೂಡ ಅದೇ ದಾರಿಯಲ್ಲಿ 2018ಕ್ಕೆ ನ್ಯಾಷನಲ್ ತಲುಪಿತು. ಅನುದಾನ ಹೋದರೂ ತಂಡ ಉಳಿಯಿತು. ಉಳಿಸಿದ್ದು ವಿಮರ್ಶೆಯೊಂದೇ ಎನ್ನಲಾರೆ, ದಾನಿಗಳಿದ್ದರು, ಶ್ರೀಮಂತ ಬಡಾವಣೆಯ ನಿಷ್ಠ ಪ್ರೇಕ್ಷಕರಿದ್ದರು. ಆದರೆ ಇನ್ನೂರು ಜನ ಕೂರದ ಕೋಣೆಯ ನಾಟಕವನ್ನು ಇನ್ನೊಂದು ದೊಡ್ಡ ರಂಗಮಂದಿರದ ಕಣ್ಣಿಗೆ ಬೀಳಿಸುವ ಕೆಲಸದಲ್ಲಿ ವಿಮರ್ಶೆಯ ಪಾಲು ದೊಡ್ಡದು. ಅಲ್ಲೂ ಈಗ ಕಾಲ ಬದಲಾಗುತ್ತಿದೆ. 2024ರಲ್ಲಿ ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್ ದಿನಪತ್ರಿಕೆಯಾಗಿ ಮುದ್ರಣ ನಿಲ್ಲಿಸಿತು, ನಾಟಕ ವಿಮರ್ಶೆ ಬರುವ ಅಲ್ಲಿನ ಟೈಮ್ ಔಟ್ ಪತ್ರಿಕೆ ಅದಕ್ಕೂ ಮೊದಲೇ ಕಾಗದ ಬಿಟ್ಟಿತ್ತು.

ನಮ್ಮಲ್ಲಿ ವಾರಗಟ್ಟಲೆ ನಾಟಕ ನಡೆಯುವ ರೂಢಿಯೇ ಇಲ್ಲವಲ್ಲ ಎನ್ನಬಹುದು. ಕಂಪನಿ ನಾಟಕದಲ್ಲಿ ಇತ್ತು, ಹವ್ಯಾಸಿಗಳಲ್ಲಿ ಇಲ್ಲ, ನಿಜ. ಆದರೆ ಬಿಡಿ ಬಿಡಿಯಾಗಿಯೇ ನೂರಾರು ಪ್ರದರ್ಶನ ಕಂಡ ನಾಟಕಗಳಿವೆ. 1980ರಲ್ಲಿ ಶುರುವಾದ, ಕಲಾಗಂಗೋತ್ರಿ ತಂಡದ ‘ಮುಖ್ಯಮಂತ್ರಿ’ ನಾಯಕನಟ ಚಂದ್ರು ಅವರ ಹೆಸರಿಗೇ ಅಂಟಿಕೊಂಡಿತು. ಬಿ.ವಿ. ಕಾರಂತರು ಕಟ್ಟಿದ ಬೆನಕ ತಂಡದ ‘ಸತ್ತವರ ನೆರಳು’ ಅವರ ನಂತರವೂ ನಡೆಯಿತು. ಊರಿನಂಚಿನ ಮಾತಿಗೆ ಬಂದರೆ, ಸಿ. ಬಸವಲಿಂಗಯ್ಯ ನಿರ್ದೇಶನದ ‘ಮಲೆಗಳಲ್ಲಿ ಮದುಮಗಳು’ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾತ್ರಿಯಿಡೀ ನಡೆದಾಗ ಜನ ಕಂಬಳಿ, ಸ್ವೆಟರು ಹೊತ್ತು ಬಂದರು. ಸರ್ಕಾರದ ಬೆಂಬಲವಿದ್ದ ದೊಡ್ಡ ಪ್ರಯೋಗ ಅದು, ಸಣ್ಣ ತಂಡಕ್ಕೆ ಅಳತೆಗೋಲಲ್ಲ. ಆದರೂ ಅಲ್ಲಿ ಆದದ್ದು ಗಮನಿಸಬೇಕಾದ್ದು: ಮತ್ತೆ ಮತ್ತೆ ನಡೆದದ್ದರಿಂದ ಬರೆಯುವವರಿಗೆ ಜಗಳವಾಡಲು ಸಮಯ ಸಿಕ್ಕಿತು. ಕಾದಂಬರಿ ರಂಗಕ್ಕೆ ಬಂದಾಗ ಏನು ಉಳಿಯಿತು, ಏನು ಸೋರಿತು ಎಂದು ಒಬ್ಬರು ಬರೆದದ್ದನ್ನು ಓದಿ ಇನ್ನೊಬ್ಬರು ನೋಡಲು ಹೋದರು.

ಪತ್ರಿಕೆ ಬಿಟ್ಟುಕೊಟ್ಟ ಜಾಗವನ್ನು ಮೊಬೈಲು ತುಂಬಿದೆ ಎನ್ನುವವರಿದ್ದಾರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೃದಯದ ಚಿಹ್ನೆಗಳು, ಇನ್‌ಸ್ಟಾಗ್ರಾಮಿನಲ್ಲಿ ಮೂವತ್ತು ಸೆಕೆಂಡಿನ ರೀಲು. ಟಿಕೆಟ್ ಮಾರಲು ಇದು ಪತ್ರಿಕೆಗಿಂತ ಚುರುಕು, ಅನುಮಾನವಿಲ್ಲ. ಬಡಾವಣೆಯ ತಂಡವೊಂದು ಗುರುತಿಲ್ಲದ ಐವತ್ತು ಜನರನ್ನು ಕರೆತಂದಿದ್ದರೆ ಅದು ಬಹುಪಾಲು ಈ ದಾರಿಯಿಂದಲೇ. ಆದರೆ ರೀಲಿನಲ್ಲಿ ಕಾಣುವುದು ಹಾಡು, ಕುಣಿತ, ಕೆಂಪು ಬೆಳಕು. ಹೀಗೆ ಕಾಣುವುದಕ್ಕೆಂದೇ ನಾಟಕಗಳಲ್ಲಿ ಗುಂಪುದೃಶ್ಯ ಹೆಚ್ಚುತ್ತಿದೆಯೇನೋ ಎಂದು ನನಗೆ ಗುಮಾನಿ. ಇಬ್ಬರು ಎದುರುಬದುರು ಕೂತು ಮಾತಾಡುವ ನಾಟಕಕ್ಕೆ ರೀಲು ಮಾಡುವುದು ಹೇಗೆ?

ಇದಕ್ಕೆ ಸೇರಿಕೊಂಡಂತೆ ಅಭಿನಯ ಕಾರ್ಯಾಗಾರಗಳ ಪ್ರಶ್ನೆ. ಈಗ ಬಡಾವಣೆಗಳ ಎಷ್ಟೋ ತಂಡಗಳ ಹೊಟ್ಟೆಪಾಡು ನಡೆಯುವುದು ಟಿಕೆಟ್ಟಿನಿಂದಲ್ಲ, ವಾರಾಂತ್ಯದ ಕಾರ್ಯಾಗಾರದ ಶುಲ್ಕದಿಂದ. ಧಾರಾವಾಹಿ, ಸಿನಿಮಾ ಸೇರುವ ಆಸೆಯ ಹುಡುಗರು ಹಣ ಕಟ್ಟಿ ಕಲಿಯುತ್ತಾರೆ, ಕೊನೆಗೊಂದು ನಾಟಕ. ಹಣ ಕೊಟ್ಟ ಎಲ್ಲರಿಗೂ ಪಾತ್ರ ಬೇಕು, ಹಾಗಾಗಿ ನಾಟಕಕ್ಕೆ ಬೇಕಿಲ್ಲದ ಊರಿನವರು, ಸೈನಿಕರು, ದಾಸಿಯರು ಹುಟ್ಟಿಕೊಳ್ಳುತ್ತಾರೆ. ಇಂಥದ್ದನ್ನು ವಿಮರ್ಶಿಸುವುದು ಹೇಗೆ? ಕಲಿಯುವವರನ್ನು ಚುಚ್ಚುವುದು ತರವಲ್ಲ ಎಂದು ಬಲ್ಲವರು ಸುಮ್ಮನಾಗುತ್ತಾರೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಮನೆಯವರನ್ನಷ್ಟೇ ಕರೆದು ಆಡಿದರೆ ಅದು ತರಗತಿ. ಬುಕ್‌ಮೈಶೋದಲ್ಲಿ ಟಿಕೆಟ್ ಇಟ್ಟು ಮಾರಿದರೆ ಅದು ನಾಟಕ. ಹುಡುಗರ ಅಭಿನಯವನ್ನು ಬಿಟ್ಟರೂ, ಯಾವ ನಾಟಕ ಆರಿಸಿಕೊಂಡರು, ಹೇಗೆ ಕತ್ತರಿಸಿದರು ಎಂದು ನಿರ್ದೇಶಕರನ್ನು ಕೇಳಲೇಬೇಕು.

ಹಾಗಾದರೆ ಸಣ್ಣ ತಂಡಕ್ಕೆ ಏನು ಸಾಧ್ಯ? ಹೊಸ ಪತ್ರಿಕೆ, ಪ್ರಶಸ್ತಿ, ವಿಮರ್ಶಾ ಶಿಬಿರ ಎಂದು ಸಭೆಗಳಲ್ಲಿ ಹೇಳುವುದುಂಟು. ಅದಕ್ಕೆಲ್ಲ ಮೊದಲು, ವರ್ಷಕ್ಕೆ ಎರಡು ಹೊಸ ನಾಟಕ ಮಾಡುವ ತಂಡ ಒಂದೇ ನಾಟಕವನ್ನು ಎರಡು ದಿನ ಬೆನ್ನುಬೆನ್ನಿಗೆ ಆಡಿದರೆ ಲೆಕ್ಕ ಬೇರೆಯಾಗುತ್ತದೆ. ಸೆಟ್ಟು ಸಾಗಿಸುವುದು ಒಂದೇ ಸಲ, ಬೆಳಕು ಕಟ್ಟುವುದು ಒಂದೇ ಸಲ, ಶನಿವಾರ ನೋಡಿದವರು ರಾತ್ರಿಯೇ ನಾಲ್ಕು ಸಾಲು ಬರೆದರೆ ಭಾನುವಾರಕ್ಕೆ ಹತ್ತಾದರೂ ಹೊಸ ಮುಖ. ರಂಗಮಂದಿರ ಹಂಚುವ ಇಲಾಖೆ, ಸಂಸ್ಥೆಗಳು ಎರಡು ದಿನ ಒಟ್ಟಿಗೆ ಕೇಳಿದವರಿಗೆ ಆದ್ಯತೆ ಕೊಡಬಹುದು. ಅನುದಾನದ ಅರ್ಜಿಯಲ್ಲಿ ‘ಎಷ್ಟು ನಾಟಕ ಮಾಡಿದ್ದೀರಿ’ ಎಂಬ ಪ್ರಶ್ನೆಯ ಪಕ್ಕ ‘ಒಂದೊಂದನ್ನು ಎಷ್ಟು ಸಲ ಆಡಿದ್ದೀರಿ’ ಎಂದು ಕೇಳಬಹುದು. ಈಗಿನ ಲೆಕ್ಕದಲ್ಲಿ ಐದು ನಾಟಕವನ್ನು ಒಂದೊಂದು ಸಲ ಆಡಿ ಕೈಬಿಟ್ಟ ತಂಡವೇ ಒಂದೇ ನಾಟಕವನ್ನು ಹತ್ತು ಸಲ ಆಡಿ ತಿದ್ದಿಕೊಂಡ ತಂಡಕ್ಕಿಂತ ಹೆಚ್ಚು ಕೆಲಸ ಮಾಡಿದ ಹಾಗೆ ಕಾಣುತ್ತದೆ.

ಎರಡನೇ ದಿನ ಬೆಳಗ್ಗೆ, ಸಂಜೆಯ ಆಟಕ್ಕೆ ಮೊದಲು, ತಂಡದವರು ಹೊರಗಿನ ನಾಲ್ವರನ್ನು ಕರೆದು ಕೂರಬಹುದು. ಶಾಲು ಬೇಡ, ಮೈಕೂ ಬೇಡ. ಮೊದಲರ್ಧ ಕೂರಿಸಿತು, ಆಮೇಲೆ ಎಲ್ಲಿಂದ ಎಳೆಯಿತು ಎಂದು ಅವರು ಹೇಳಿದರೆ, ತಿದ್ದಿಕೊಳ್ಳಲು ಇನ್ನೂ ಎಂಟು ಗಂಟೆ ಇರುತ್ತದೆ.